ಉಪ್ಪರಿಗೆಯ ಮೆಟ್ಟಲಿನ ದೀಪ



ಲಾಂದ್ರವನ್ನು ಕೈಯಲ್ಲಿ ಹಿಡಿದು ನಡೆಯುವವನಿಗೆ ಇಲ್ಲದ ಒಂದು ತೊಡಕು ವಿದ್ಯುದ್ದೀಪವನ್ನು ಹಾಕಿಸಿಕೊಂಡವನಿಗೆ ಉಂಟು. ಲಾಂದ್ರವು ಮನುಷ್ಯನ ಸಂಗಡ ಬರುತ್ತದೆ. ಅವನು ಮೆಟ್ಟಲನ್ನು ಹತ್ತಿದರೆ ತಾನೂ ಹತ್ತುತ್ತದೆ, ಇಳಿದರೆ ಇಳಿಯುತ್ತದೆ. ವಿದ್ಯುದ್ದೀಪವಾದರೋ ತೂಗುಹಾಕಿದ ಕಡೆಯಲ್ಲಿಯೇ ಇರುವುದು. ಅದನ್ನು ಹೊತ್ತಿಸುವ ಸ್ವಿಚ್ಚು ಒಂದೇ ಕಡೆ ಇದ್ದರೆ, ಕೆಳಗೆ ದೀಪ ಹಾಕಿ ಉಪ್ಪರಿಗೆಗೆ ಹೋದವನು ಅದನ್ನು ಆರಿಸುವುದಕ್ಕಾಗಿ ಪುನಃ ಕೆಳಗಿಳಿಯಬೇಕು. ಆರಿಸಿದ ಮೇಲೆ ಕತ್ತಲಲ್ಲಿ ತಡವರಿಸುತ್ತ ಹತ್ತಬೇಕು. ೧೯೦೨ನೆಯ ಇಸವಿಯಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹರಿದಾಗಲಾಗಲಿ, ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದಾಗಲಾಗಲಿ ಈ ಪ್ರಶ್ನೆ ಯಾರನ್ನೂ ಬಾಧಿಸಿರಲಾರದು. ಬೀದಿಯ ದೀಪಕ್ಕೆ ಮೆಟ್ಟಲಿಲ್ಲ. ದೀಪವು ಮನೆಯೊಳಕ್ಕೆ ಬಂದು, ಮನೆಗೆ ಉಪ್ಪರಿಗೆ ಇದ್ದಾಗ ಮಾತ್ರ ಒಂದು ದೀಪಕ್ಕೆ ಎರಡು ಸ್ವಿಚ್ಚುಗಳು ಬೇಕಾಗುತ್ತವೆ.

ಹಳೆಯ ಮನೆಯನ್ನು ದುರಸ್ತಿ ಮಾಡಿಸುವಾಗ ಇಂತಹ ದೀಪಗಳಿಗೆ ಸ್ವಿಚ್ಚುಗಳನ್ನು ಹೇಗೆ ಆರಿಸಿಕೊಳ್ಳಬೇಕು, ಅವೆಲ್ಲವೂ ಒಂದಕ್ಕೊಂದು ಹೊಂದಿಕೊಳ್ಳುವಂತೆ ಮಾಡುವುದು ಹೇಗೆ, ಎಂಬುದೇ ಈ ಹೊತ್ತಿನ ವಿಷಯ. ಇದು ಅಲ್ಪ ವಿಷಯವೆಂದು ನಿಮಗೆ ತೋರಬಹುದು. ನನಗೂ ಹಾಗೆಯೇ ತೋರಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಪಾಠಮಾಡುವವನಾದ ನಾನು ಈ ಸ್ವಿಚ್ಚುಗಳ ನಕ್ಷೆಯನ್ನು ಕಪ್ಪು ಹಲಗೆಯ ಮೇಲೆ ಇಪ್ಪತ್ತು ವರ್ಷಗಳಿಂದ ಬರೆಯುತ್ತ ಬಂದಿದ್ದೇನೆ. ಹಲಗೆಯ ಮೇಲಿನ ತಂತಿಗೆ ಬಣ್ಣವಿಲ್ಲ, ಅದನ್ನು ಮುಟ್ಟಿದವನಿಗೆ ಏಟೂ ಇಲ್ಲ.

ನನ್ನ ತಾಯಿಯವರು ವಾಸವಾಗಿರುವ ಮನೆ ಉಡುಪಿಗೂ ಮಣಿಪಾಲಕ್ಕೂ ಸಮೀಪವಾದ ಅಲೆವೂರಿನಲ್ಲಿದೆ. ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಮರದ ಹಲಗೆ ಹಾಸಿದ ಉಪ್ಪರಿಗೆ, ಅಲ್ಲಿಗೆ ಹತ್ತಲು ಕಡಿದಾದ ಮರದ ಮೆಟ್ಟಲು. ಕರಾವಳಿಯ ಹಳೆಯ ಮನೆಗಳನ್ನು ನೋಡಿದವರಿಗೆ ಹೆಚ್ಚಿನ ವರ್ಣನೆ ಬೇಕಿಲ್ಲ. ವಿದ್ಯುತ್ತು ಈ ಮನೆಗೆ ಒಂದೇ ಸಲ ಬಂದುದಲ್ಲ. ಮೊದಲು ಚಾವಡಿಗೆ, ಕೆಲವು ವರ್ಷಗಳಾದ ಮೇಲೆ ಅಡುಗೆಮನೆಗೆ, ಆಮೇಲೆ ಉಪ್ಪರಿಗೆಗೆ, ಕಟ್ಟಕಡೆಗೆ ಹಟ್ಟಿಗೆ, ಹೀಗೆ ಕಂತು ಕಂತಾಗಿ ಬಂದಿತು. ಆದಕಾರಣ ಮೆಟ್ಟಲಿನ ಆಸುಪಾಸಿನಲ್ಲಿಯೇ ಮೂರು ಕಾಲದ ಸ್ವಿಚ್ಚುಗಳಿದ್ದುವು: ಮರದ ಗಟ್ಟಿಯ ಮೇಲೆ ಕೂರಿಸಿದ ಕಪ್ಪು ಬೇಕಲೈಟಿನ ಗುಂಡನೆಯ ಸ್ವಿಚ್ಚು ಒಂದು, ಹಲಗೆಯ ಮೇಲೆ ಸಾಲಾಗಿ ಜೋಡಿಸಿದ ಬಿಳಿಯ ಪಿಯಾನೊ ಸ್ವಿಚ್ಚುಗಳು ಕೆಲವು, ಉಪ್ಪರಿಗೆಯಲ್ಲಿ ಈಚಿನ ನುಣುಪಾದ ಚೌಕಟ್ಟಿನದು ಒಂದು. ಮನೆಯ ಚರಿತ್ರೆಯನ್ನು ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಆಧಾರ ದೊರೆಯದು. ವಾಸಮಾಡುವವರಿಗೆ ಮಾತ್ರ ಕಷ್ಟ.

ಕಷ್ಟವೇನೆಂದರೆ, ನನ್ನ ತಾಯಿಯವರಿಗೆ ಎಪ್ಪತ್ತಾರು ವರ್ಷ. ದೇವರ ದೀಪಕ್ಕೆ ಎಣ್ಣೆ ಹಾಕುವುದರಿಂದ ಹಿಡಿದು ಹಪ್ಪಳ ಒಣಗಿಸುವವರೆಗೆ ಅವರಿಗೆ ಉಪ್ಪರಿಗೆಯಲ್ಲಿ ಕೆಲಸ. ಹೋದ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ ಮೆಟ್ಟಲಿನ ಮೇಲೆ ನಿಂತು, ದೀಪವನ್ನು ಹಾಕಲು ಯಾವ ಸ್ವಿಚ್ಚನ್ನು ಒತ್ತಬೇಕೆಂದು ತಿಳಿಯದೆ ಕೈಚಾಚಿದಾಗ ಅವರ ಕಾಲು ಜಾರಿತು. ಎರಡು ಮೆಟ್ಟಲು ಮಾತ್ರ ಜಾರಿದುದು, ಕೈಪಿಡಿ ಸಿಕ್ಕಿದುದರಿಂದ ಮುಂದಿನ ಅನರ್ಥ ತಪ್ಪಿತು. "ಇನ್ನು ಮೇಲೆ ನೀವು ಉಪ್ಪರಿಗೆಗೆ ಹತ್ತುವುದು ಬೇಡ ಅಮ್ಮಾ" ಎಂದು ನಾನು ಹೇಳಿದೆ. "ಮೆಟ್ಟಲಿಗೆ ಬೆಳಕು ಮಾಡಿಸು, ಹತ್ತುವುದೋ ಬಿಡುವುದೋ ನಾನು ನೋಡಿಕೊಳ್ಳುತ್ತೇನೆ" ಎಂದರು. ದುರಸ್ತಿಯ ಕೆಲಸ ಹೀಗೆ ಮೊದಲಾಯಿತು.

ನನ್ನ ತಂಗಿಯ ಮಗನು ಅಮೆರಿಕದಲ್ಲಿ ಇಂಜಿನಿಯರನಾಗಿದ್ದಾನೆ. ಬೇಕಾದ ಸಾಮಾನುಗಳ ಪಟ್ಟಿಯೊಂದನ್ನು ಅವನು ಬಹು ಮುತುವರ್ಜಿಯಿಂದ ಬರೆದು ಕಳುಹಿಸಿದನು: ಮೆಟ್ಟಲಿಗೆ ಎರಡು 'ತ್ರೀ ವೇ' ಸ್ವಿಚ್ಚುಗಳು, ಅಂಗಳದ ದೀಪಕ್ಕೆ ಎರಡು 'ತ್ರೀ ವೇ' ಮತ್ತು ಒಂದು 'ಫೋರ್ ವೇ'. ಉಡುಪಿಯ ಅಂಗಡಿಯವರು ಪಟ್ಟಿಯನ್ನು ಎರಡು ಸಲ ಓದಿ, "ಇಂಥದು ನಮ್ಮಲ್ಲಿ ಬರುವುದೇ ಇಲ್ಲ ಮಾಷ್ಟ್ರೇ" ಎಂದರು. ಅಸಲು ಸಂಗತಿ ಏನೆಂದರೆ, ಅಮೆರಿಕದವರು ಸ್ವಿಚ್ಚಿಗೆ ತಂತಿ ಕಟ್ಟುವ ತಿರುಪುಗಳನ್ನು ಎಣಿಸುತ್ತಾರೆ, ಇಂಗ್ಲೆಂಡಿನವರೂ ಅವರನ್ನು ಅನುಸರಿಸಿದ ನಾವೂ ಪ್ರವಾಹ ಹೋಗಬಹುದಾದ ದಾರಿಗಳನ್ನು ಎಣಿಸುತ್ತೇವೆ. ಅವರ 'ತ್ರೀ ವೇ' ಎಂಬುದೇ ನಮ್ಮ 'ಟೂ ವೇ'. ಅವರ 'ಫೋರ್ ವೇ' ನಮ್ಮ 'ಇಂಟರ್‌ಮೀಡಿಯೆಟ್'. ಪರದೇಶದ ಪುಸ್ತಕವನ್ನೊ ಪರದೇಶದ ನೆಂಟರನ್ನೊ ನಂಬಿ ಅಂಗಡಿಗೆ ಹೋಗುವವರು ಈ ಒಂದು ಅಂಶವನ್ನು ಜ್ಞಾಪಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಈ ಸ್ವಿಚ್ಚುಗಳು ಕೆಲಸ ಮಾಡುವ ಬಗೆಯನ್ನು ನಕ್ಷೆಯಿಲ್ಲದೆ ಹೇಳಬೇಕಾಗಿದೆ. ಅಡಕೆ ತೋಟಕ್ಕೆ ನೀರು ಕಟ್ಟುವುದನ್ನು ನೋಡಿದವರಿಗೆ ಇದು ಕಷ್ಟವಲ್ಲ. ಕೆರೆಯಿಂದ ತೋಟಕ್ಕೆ ಅಕ್ಕಪಕ್ಕದಲ್ಲಿಯೇ ಎರಡು ಕಾಲುವೆಗಳಿವೆ ಎಂದು ಭಾವಿಸಿ. ಕೆರೆಯ ಬಾಯಲ್ಲಿ ಒಂದು ಹಲಗೆ. ಅದನ್ನು ಎಡಕ್ಕೆ ಸರಿಸಿದರೆ ಎಡಗಾಲುವೆ ಮುಚ್ಚಿ ಬಲಗಾಲುವೆ ತೆರೆಯುವುದು. ಬಲಕ್ಕೆ ಸರಿಸಿದರೆ ಇದಕ್ಕೆ ವಿರುದ್ಧ. ಎರಡನ್ನೂ ಒಟ್ಟಿಗೆ ಮುಚ್ಚುವಂತಿಲ್ಲ, ಒಟ್ಟಿಗೆ ತೆರೆಯುವಂತೆಯೂ ಇಲ್ಲ. ತೋಟದ ಬಾಯಲ್ಲಿಯೂ ಇಂತಹದೇ ಇನ್ನೊಂದು ಹಲಗೆ. ಎರಡು ಹಲಗೆಗಳೂ ಒಂದೇ ಕಾಲುವೆಯನ್ನು ತೆರೆದಿದ್ದರೆ ನೀರು ತೋಟವನ್ನು ಮುಟ್ಟುವುದು. ಒಂದು ಎಡಗಾಲುವೆಯನ್ನು, ಇನ್ನೊಂದು ಬಲಗಾಲುವೆಯನ್ನು ತೆರೆದಿದ್ದರೆ ನೀರು ಅರ್ಧದಾರಿಯಲ್ಲಿ ನಿಲ್ಲುವುದು. ಈಗ ಕೆರೆಯ ಬಳಿ ಇರುವವನಾಗಲಿ ತೋಟದ ಬಳಿ ಇರುವವನಾಗಲಿ ತನ್ನ ಹಲಗೆಯೊಂದನ್ನು ಸರಿಸಿದ ಮಾತ್ರಕ್ಕೆ ಹರಿಯುತ್ತಿದ್ದ ನೀರು ನಿಲ್ಲುತ್ತದೆ, ನಿಂತಿದ್ದ ನೀರು ಹರಿಯುತ್ತದೆ. ಇನ್ನೊಬ್ಬನು ಏನು ಮಾಡಿದ್ದಾನೆಂದು ಇವನು ವಿಚಾರಿಸಬೇಕಾದ್ದಿಲ್ಲ. ಕೆರೆಯ ಸ್ಥಾನದಲ್ಲಿ ಫೇಸ್ ತಂತಿ, ತೋಟದ ಸ್ಥಾನದಲ್ಲಿ ದೀಪ, ಹಲಗೆಗಳ ಸ್ಥಾನದಲ್ಲಿ ಟೂ ವೇ ಸ್ವಿಚ್ಚುಗಳು, ನಡುವೆ ಎರಡು ತಂತಿಗಳು, ಇಷ್ಟೇ ಇದರ ಮರ್ಮ.

ಇದರಿಂದ ಹೊರಡುವ ಮೊದಲನೆಯ ಫಲಿತಾಂಶವು ಅಂಗಡಿಗೆ ಸಂಬಂಧಪಟ್ಟುದು. ಒನ್ ವೇ ಸ್ವಿಚ್ಚು, ಟೂ ವೇ ಸ್ವಿಚ್ಚು, ಇಂಟರ್‌ಮೀಡಿಯೆಟ್ ಸ್ವಿಚ್ಚು, ಈ ಮೂರನ್ನೂ ಗೋಡೆಯ ಮೇಲೆ ಕೂರಿಸಿದರೆ ಮುಖ ನೋಡಿ ಬೇರೆಬೇರೆಯೆಂದು ಹೇಳುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ತಿರುಗಿಸಿ ಬೆನ್ನು ನೋಡಬೇಕು: ಮೊದಲನೆಯದಕ್ಕೆ ಎರಡು ತಿರುಪು, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ನಾಲ್ಕು. ಅಂಗಡಿಗಳಲ್ಲಿ ಮಾತ್ರ ಮುಖದ ಮಾತೇ ಹೆಚ್ಚು. ಬಿಳಿಯೇ, ಬೂದಿಯೇ, ಮಸಿಯ ಬಣ್ಣವೇ, ಮಿರುಗುವುದೇ, ಮಿರುಗದಿರುವುದೇ ಎಂದು ಅರ್ಧಗಂಟೆ ತೋರಿಸುತ್ತಾರೆ. ನಾನು ಕೇಳಿದ ಪ್ರಶ್ನೆ ಒಂದೇ: "ಈ ಮಾದರಿಯಲ್ಲಿ ಇಂಟರ್‌ಮೀಡಿಯೆಟ್ ಬರುತ್ತದೆಯೆ?" ಐದು ಮಾದರಿಗಳನ್ನು ತೋರಿಸಿದವರು ಈ ಪ್ರಶ್ನೆಗೆ ಮೂರನ್ನು ಹಿಂದಕ್ಕೆ ತೆಗೆದಿಟ್ಟರು. ಒಂದು ಕಂಪೆನಿಯ ಸ್ವಿಚ್ಚು ಇನ್ನೊಂದು ಕಂಪೆನಿಯ ಚೌಕಟ್ಟಿನಲ್ಲಿ ಸರಿಯಾಗಿ ಕೂರುವುದೆಂಬ ಭರವಸೆ ಇಲ್ಲದಿರುವುದರಿಂದ, ಮನೆಯಲ್ಲಿ ಮೂರು ಕಡೆಯಿಂದ ಹೊತ್ತಿಸಬೇಕಾದ ದೀಪ ಒಂದೇ ಒಂದು ಇದ್ದರೂ ಆ ಒಂದು ಸ್ವಿಚ್ಚು ಯಾವ ಮಾದರಿಯಲ್ಲಿ ದೊರೆಯುವುದೋ ಅದೇ ಮಾದರಿಯನ್ನು ಇಡೀ ಮನೆಗೆ ಕೊಳ್ಳಬೇಕಾಗುತ್ತದೆ. ದುರ್ಲಭವಾದುದನ್ನು ಮೊದಲು ಆರಿಸಿ, ಸುಲಭವಾದುದನ್ನು ಅದಕ್ಕೆ ಹೊಂದಿಸಬೇಕು. ಬಣ್ಣವನ್ನು ಮೊದಲು ಒಪ್ಪಿಕೊಂಡು ಮುಂಗಡ ಕೊಟ್ಟುಬಂದವರು ಅಂಗಳದ ದೀಪಕ್ಕೆ ಬೇರೆ ಚೌಕಟ್ಟನ್ನು ಹಾಕಿಸಿಕೊಂಡು ಪರಿತಪಿಸುವುದನ್ನು ನಾನು ಕಂಡಿದ್ದೇನೆ.

ಇನ್ನೊಂದು ಉಪಾಯವುಂಟು. ಟೂ ವೇ ಸ್ವಿಚ್ಚಿನ ಮೂರು ತಿರುಪುಗಳಲ್ಲಿ ಎರಡನ್ನು ಮಾತ್ರ ಉಪಯೋಗಿಸಿದರೆ ಅದೇ ಒನ್ ವೇ ಸ್ವಿಚ್ಚಾಗಿ ಕೆಲಸ ಮಾಡುವುದು. ಬೆಲೆಯಲ್ಲಿ ಅಲ್ಪ ವ್ಯತ್ಯಾಸ. ಆದುದರಿಂದ ದೀಪದ ಸ್ವಿಚ್ಚುಗಳನ್ನೆಲ್ಲ ಟೂ ವೇ ಆಗಿಯೇ ಕೊಂಡರೆ, ಒತ್ತುವಾಗಿನ ಬಿಗಿಯೂ ಶಬ್ದವೂ ಮನೆಯಲ್ಲೆಲ್ಲ ಒಂದೇ ತೆರನಾಗಿರುವುದು. ಮುಂದೆ ಯಾವುದಾದರೂ ಕೋಣೆಗೆ ಎರಡನೆಯ ಸ್ವಿಚ್ಚು ಬೇಕಾದರೆ ಹೊಸದಾಗಿ ತಂತಿ ಎಳೆದರೆ ಸಾಕು. ಶಬ್ದದ ಮಾತನ್ನು ಏಕೆ ಎತ್ತಿದೆನೆಂದರೆ, ಹಳೆಯ ಬೇಕಲೈಟಿನ ಸ್ವಿಚ್ಚು 'ಠಕ್' ಎಂದು ಬಡಿಯುತ್ತಿತ್ತು, ನನ್ನ ತಾಯಿಯವರು ಆ ಶಬ್ದವನ್ನು ಕೇಳಿದ ಮೇಲೆಯೇ ಕಾಲಿಡುತ್ತಿದ್ದರು. ಆ ಬಡಿತದ ಮೂಲ ೧೮೮೪ರಲ್ಲಿ ಇಂಗ್ಲೆಂಡಿನ ನ್ಯೂಕಾಸಲಿನ ಹೋಮ್ಸ್ ಎಂಬ ಇಂಜಿನಿಯರನು ಕಲ್ಪಿಸಿದ, ಸ್ಪ್ರಿಂಗಿನ ಬಲದಿಂದ ತಟಕ್ಕನೆ ಬಿಡಿಸಿಕೊಳ್ಳುವ ಸ್ವಿಚ್ಚಿನಲ್ಲಿದೆ. ಆ ಕಾಲದ ನೇರ ಪ್ರವಾಹವನ್ನು ಮೆಲ್ಲಗೆ ಕಡಿದರೆ ಲೋಹದ ತುದಿಗಳ ನಡುವೆ ಕಿಡಿ ನಿಂತು ಸುಡುತ್ತಿತ್ತು. ಈಗ ನಮ್ಮ ಮನೆಗಳಿಗೆ ಬರುವ ಪರ್ಯಾಯ ಪ್ರವಾಹವು ಸೆಕೆಂಡಿಗೆ ನೂರು ಸಲ ತಾನಾಗಿ ಸೊನ್ನೆಯನ್ನು ಮುಟ್ಟುವುದರಿಂದ ಅಷ್ಟು ಬಿರುಸು ಬೇಕಿಲ್ಲ, ಸ್ವಿಚ್ಚುಗಳು ಮೆತ್ತಗಾಗಿವೆ. ಆದರೂ ಕಿವಿಗೆ ಕೇಳಿಸುವಂತಹದನ್ನೇ ನಾವು ಆರಿಸಿದೆವು.

ಎರಡನೆಯ ಫಲಿತಾಂಶವು ಹೆಚ್ಚು ಸೂಕ್ಷ್ಮವಾದುದು. ನಮ್ಮ ದೇಶದಲ್ಲಿ ಸ್ವಿಚ್ಚಿನ ಕಡ್ಡಿ ಕೆಳಗಿದ್ದರೆ ದೀಪ ಹೊತ್ತಿದೆ, ಮೇಲಿದ್ದರೆ ಆರಿದೆ ಎಂಬುದು ರೂಢಿ. ಒಂದು ದೀಪಕ್ಕೆ ಎರಡು ಸ್ವಿಚ್ಚುಗಳಾದೊಡನೆಯೇ ಈ ರೂಢಿಗೆ ಅರ್ಥವಿಲ್ಲದಂತಾಗುವುದು. ಎರಡು ಸ್ವಿಚ್ಚುಗಳು ನಾಲ್ಕು ಬಗೆಯಲ್ಲಿ ನಿಲ್ಲಬಹುದು. ಅವುಗಳಲ್ಲಿ ಎರಡರಲ್ಲಿ ಬೆಳಕು, ಎರಡರಲ್ಲಿ ಕತ್ತಲೆ. ಮೂರು ಸ್ವಿಚ್ಚುಗಳಾದರೆ ಎಂಟು ಬಗೆ. ನಾಲ್ಕರಲ್ಲಿ ಬೆಳಕು, ನಾಲ್ಕರಲ್ಲಿ ಕತ್ತಲೆ. ಒಂದು ಸ್ವಿಚ್ಚನ್ನು ನೋಡಿ ದೀಪದ ಸ್ಥಿತಿಯನ್ನು ಹೇಳಲಾಗದು. ದೀಪವೇ ಕಣ್ಣಮುಂದೆ ಇರುವಾಗ ಇದರಿಂದೇನು ತೊಂದರೆ ಎನ್ನುವಿರಾ? ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಜೂನ್ ತಿಂಗಳ ಗಾಳಿಗೆ ಮರವೊಂದು ತಂತಿಯ ಮೇಲೆ ಬಿದ್ದು ಕರೆಂಟು ಹೋಯಿತೆನ್ನಿ. ತಾಯಿಯವರು ಮಲಗುವ ಮುಂಚೆ ಎಲ್ಲ ಸ್ವಿಚ್ಚುಗಳನ್ನೂ ಆರಿಸುವ ಸ್ಥಿತಿಗೆ ತರುವುದು ಮೊದಲಿನಿಂದ ಬಂದ ಅಭ್ಯಾಸ. ಮೆಟ್ಟಲಿನ ಎರಡೂ ಸ್ವಿಚ್ಚುಗಳ ಕಡ್ಡಿಯನ್ನು ಮೇಲಕ್ಕೆ ಮಾಡಿ ಮಲಗಿದರು. ರಾತ್ರಿ ಎರಡು ಗಂಟೆಗೆ ಕರೆಂಟು ಬಂದಾಗ ಮೆಟ್ಟಲಿನ ದೀಪ ಧಗ್ಗನೆ ಹೊತ್ತಿತು. ಮನೆಯೊಳಗೆ ಯಾರೋ ಬಂದರೆಂದು ಅವರು ಬೆಳಗಾಗುವವರೆಗೆ ಎದ್ದು ಕುಳಿತಿದ್ದರು.

ಇದಕ್ಕೆ ಪರಿಹಾರವುಂಟು, ಖರ್ಚೂ ಇಲ್ಲ. ನಡುವಿನ ಎರಡು ತಂತಿಗಳನ್ನು ಒಂದು ತುದಿಯಲ್ಲಿ ಅದಲುಬದಲು ಮಾಡಿದರೆ, ಎರಡು ಕಡ್ಡಿಗಳೂ ಒಂದೇ ದಿಕ್ಕಿನಲ್ಲಿದ್ದಾಗ ದೀಪ ಹೊತ್ತುವ ಬದಲು ಆರುವಂತೆ ಆಗುವುದು. ವಯರ್‌ಮನ್ನರಿಗೆ ಇದು ಎರಡು ನಿಮಿಷದ ಕೆಲಸ. ಕೆಲಸ ಮುಗಿಸುವ ಮುಂಚೆ ಅವರಿಗೆ ಹೀಗೆ ಹೇಳಿ: ಎರಡೂ ಮೇಲಿದ್ದಾಗ ಕತ್ತಲಿರಲಿ. ಎರಡೂ ಕೆಳಗಿದ್ದಾಗಲೂ ಕತ್ತಲೇ ಆಗುವುದು, ಅದನ್ನು ತಪ್ಪಿಸಲಾಗದು. ಆದರೆ ಹಿರಿಯರ ಅಭ್ಯಾಸಕ್ಕೆ ಅಷ್ಟು ಅನುಕೂಲ ಸಾಕು.

ಇಲ್ಲಿಯವರೆಗೆ ಹೇಳಿದುದು ಅನುಕೂಲದ ಮಾತು. ಇನ್ನು ಹೇಳುವುದು ಪ್ರಾಣಕ್ಕೆ ಸಂಬಂಧಪಟ್ಟುದು. ಸ್ವಿಚ್ಚುಗಳ ಮುಖ ಎಷ್ಟೇ ಚೆನ್ನಾಗಿ ಹೊಂದಿಕೊಂಡಿದ್ದರೂ ಅವುಗಳ ಬೆನ್ನಿನಲ್ಲಿ ಬರುವ ತಂತಿಗಳು ಹೊಂದಿಕೊಂಡಿರದಿದ್ದರೆ ಮನೆ ಅಪಾಯದಲ್ಲಿದೆ ಎಂದೇ ತಿಳಿಯಬೇಕು.

ನಮ್ಮ ಮನೆಯಲ್ಲಿ ಕೆಳಗಿನ ಅಂತಸ್ತಿಗೆ ಒಂದು ಫ್ಯೂಸು, ಉಪ್ಪರಿಗೆಗೆ ಇನ್ನೊಂದು ಫ್ಯೂಸು ಇದ್ದಿತು. ಕೆಲಸಕ್ಕೆ ಬಂದ ವಯರ್‌ಮನ್ನರು ಅನುಭವಸ್ಥರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ಮೊದಲನೆಯ ದಿನ ಉಪ್ಪರಿಗೆಯ ಫ್ಯೂಸನ್ನು ಕಿತ್ತು ತಮ್ಮ ಜೇಬಿನಲ್ಲಿ ಹಾಕಿಕೊಂಡು, ಏಣಿಯ ಮೇಲೆ ನಿಂತು ಉಪ್ಪರಿಗೆಯ ಕಪ್ಪು ತಂತಿಗಳ ಹಳೆಯ ಗಂಟನ್ನು ಬಿಚ್ಚತೊಡಗಿದರು. ಕಪ್ಪು ತಂತಿ ಎಂದರೆ ನ್ಯೂಟ್ರಲ್, ಪ್ರವಾಹವು ಹಿಂದಿರುಗುವ ದಾರಿ. ಫ್ಯೂಸು ತೆಗೆದ ಮೇಲೆ ಅದರಲ್ಲಿ ಏನೂ ಇರಕೂಡದು. ಅದೇ ಹೊತ್ತಿಗೆ ಕೆಳಗೆ ನಾನು, ಏಣಿಗೆ ಬೆಳಕು ಸಾಲದೆಂದು, ಮೆಟ್ಟಲಿನ ದೀಪದ ಸ್ವಿಚ್ಚನ್ನು ಒತ್ತಿದೆ. ದೀಪ ಹೊತ್ತಲಿಲ್ಲ. ಮೇಲೆ ಒಂದು ಕೂಗು ಕೇಳಿಸಿತು. ಅವರ ಕೈ ಹಿಂದಕ್ಕೆ ಎಗರಿ ಮೊಣಕೈ ಗೋಡೆಗೆ ಬಡಿದು ಚರ್ಮ ಸುಲಿದಿತ್ತು. ಮರದ ಏಣಿ, ಒಣಗಿದ ಹಲಗೆ, ಬೇಸಗೆಯ ದಿನ; ಇದೇ ಮಳೆಗಾಲವಾಗಿದ್ದರೆ ಏನಾಗುತ್ತಿತ್ತೋ ನಾನು ಹೇಳಲಾರೆ. ಅವರು ಇಳಿದು ಬಂದು ಕುಳಿತು, ನೀರು ಕುಡಿದು, ಜೇಬಿನಿಂದ ಫ್ಯೂಸನ್ನು ತೆಗೆದು ನನಗೆ ತೋರಿಸಿ, "ಇದು ಇಲ್ಲಿಯೇ ಉಂಟಲ್ಲ ಮಾರಾಯ್ರೆ! ಮತ್ತೆ ಕರೆಂಟು ಬಂದದ್ದು ಎಲ್ಲಿಂದ?" ಎಂದರು.

ಎಲ್ಲಿಂದ ಬಂದಿತೆಂಬುದನ್ನು ಹುಡುಕಲು ನಮಗಿಬ್ಬರಿಗೂ ಮಧ್ಯಾಹ್ನವೆಲ್ಲ ಹಿಡಿಯಿತು. ಬಹಳ ವರ್ಷಗಳ ಹಿಂದೆ ಮೆಟ್ಟಲಿಗೆ ದೀಪ ಹಾಕಿದವರು ಫೇಸ್ ತಂತಿಯನ್ನು ಕೆಳಗಿನ ಸ್ವಿಚ್ಚಿಗೆ ಕೆಳಗಿನ ಫ್ಯೂಸಿನಿಂದ ಕೊಟ್ಟಿದ್ದರು. ಅಲ್ಲಿಂದ ಎರಡು ತಂತಿಗಳು ಮೇಲಿನ ಸ್ವಿಚ್ಚಿಗೆ, ಮೇಲಿನ ಸ್ವಿಚ್ಚಿನಿಂದ ಒಂದು ತಂತಿ ದೀಪಕ್ಕೆ. ದೀಪದಿಂದ ಹಿಂದಿರುಗುವ ತಂತಿಯನ್ನು ಕೆಳಗಿನವರೆಗೆ ತರುವ ಬದಲು, ಹತ್ತಿರವಾಯಿತೆಂದು ಉಪ್ಪರಿಗೆಯ ನ್ಯೂಟ್ರಲಿಗೆ ಕಟ್ಟಿಬಿಟ್ಟಿದ್ದರು. ನಾಲ್ಕು ಗಜ ತಂತಿ ಉಳಿಯಿತು. ದೀಪವೂ ಇಷ್ಟು ವರ್ಷ ಚೆನ್ನಾಗಿ ಉರಿಯಿತು. ಆದಕಾರಣ ಯಾರಿಗೂ ಸಂಶಯ ಬರಲಿಲ್ಲ. ಉಪ್ಪರಿಗೆಯ ಫ್ಯೂಸನ್ನು ಕಿತ್ತರೂ ಮೆಟ್ಟಲಿನ ದೀಪಕ್ಕೆ ಕೆಳಗಿನ ಪ್ರವಾಹ ಬರುತ್ತಲೇ ಇದ್ದು, ಆ ಪ್ರವಾಹ ಹಳೆಯ ೪೦ ವ್ಯಾಟಿನ ಬಲ್ಬನ್ನು ಹಾದು ಉಪ್ಪರಿಗೆಯ ಕಪ್ಪು ತಂತಿಯಲ್ಲಿ ಹಿಂದಿರುಗುತ್ತಿತ್ತು. ಆ ಕಪ್ಪು ತಂತಿಯ ಗಂಟನ್ನು ಬಿಚ್ಚಿದೊಡನೆ ಹಿಂದಿರುಗುವ ದಾರಿ ಕಡಿಯಿತು. ಬಿಚ್ಚಿದ ತುದಿ ಬಲ್ಬಿನ ಮೂಲಕ ಫೇಸಿಗೆ ಸೇರಿಕೊಂಡು ಅವರ ಕೈಯಲ್ಲಿಯೇ ನಿಂತಿತು. ವಯರ್‌ಮನ್ನರು ಇದನ್ನು 'ಸಾಲದ ನ್ಯೂಟ್ರಲ್' ಎಂದರು. ಇಂಗ್ಲಿಷ್ ಪುಸ್ತಕಗಳಲ್ಲಿಯೂ ಇದಕ್ಕೆ ಇದೇ ಅರ್ಥದ ಹೆಸರೇ ಇದೆ. ಎರಡು ಅಂತಸ್ತುಗಳನ್ನು ಕೂಡಿಸುವುದು ಮೆಟ್ಟಲೇ ಆದುದರಿಂದ ಈ ಸಾಲವೂ ಹೆಚ್ಚಾಗಿ ಮೆಟ್ಟಲಿನ ದೀಪದಲ್ಲಿಯೇ ಕಂಡುಬರುತ್ತದೆ.

ಹೊಸ ಕಾಲದಲ್ಲಿ ಇದು ಇನ್ನೊಂದು ರೂಪದಲ್ಲಿ ತಲೆದೋರುವುದು. ಈಗ ಮನೆಗಳಲ್ಲಿ ಸೋರಿಕೆಯನ್ನು ಕಂಡುಹಿಡಿದು ಕರೆಂಟನ್ನು ಕಡಿಯುವ ಕಾವಲು ಸ್ವಿಚ್ಚನ್ನು ಹಾಕಿಸುತ್ತಾರೆ, ಹಾಕಿಸಲೇಬೇಕು. ಹೋದ ಪ್ರವಾಹಕ್ಕೂ ಬಂದ ಪ್ರವಾಹಕ್ಕೂ ೩೦ ಮಿಲಿಆಂಪಿಯರಿನಷ್ಟು ಅಂತರ ಬಂದರೆ ಅದು ಎಗರಿ ಬೀಳುವುದು. ಒಂದೊಂದು ಅಂತಸ್ತಿಗೆ ಒಂದೊಂದು ಕಾವಲು ಇಟ್ಟು ಈ ಸಾಲದ ತಂತಿಯನ್ನು ಹಾಗೆಯೇ ಬಿಟ್ಟರೆ, ಕೆಳಗಿನ ಕಾವಲಿನಿಂದ ಹೊರಟ ಪ್ರವಾಹ ಮೇಲಿನ ಕಾವಲಿನಲ್ಲಿ ಹಿಂದಿರುಗುವುದು. ೯ ವ್ಯಾಟಿನ ಒಂದು ಪುಟ್ಟ ಎಲ್‌ಇಡಿ ದೀಪವೂ ೨೩೦ ವೋಲ್ಟಿನಲ್ಲಿ ಸುಮಾರು ೪೦ ಮಿಲಿಆಂಪಿಯರನ್ನು ಎಳೆಯುವುದರಿಂದ, ಮೆಟ್ಟಲಿನ ದೀಪ ಹಾಕಿದಾಗಲೆಲ್ಲ ಮನೆ ಕತ್ತಲಾಗುವುದು. ಆಗ ಕೆಲವರು ದೂರನ್ನು ಕಾವಲು ಸ್ವಿಚ್ಚಿನ ಮೇಲೆ ಹೊರಿಸಿ ಅದನ್ನೇ ಕಿತ್ತುಹಾಕಿಸುತ್ತಾರೆ. ನಾಯಿ ಬೊಗಳಿತೆಂದು ನಾಯಿಯನ್ನು ಹೊರಗಟ್ಟಿ ಕಳ್ಳನಿಗೆ ಹಾಸಿಗೆ ಹಾಸಿದ ಹಾಗೆ.

ಆದಕಾರಣ ಮೆಟ್ಟಲಿನ ದೀಪಕ್ಕೆ ಫೇಸ್ ಎಲ್ಲಿಂದ ಹೊರಟಿದೆಯೋ ನ್ಯೂಟ್ರಲ್ ಅಲ್ಲಿಗೇ ಹಿಂದಿರುಗಬೇಕು. ಗೋಡೆಯನ್ನು ಗಾರೆಮಾಡುವ ಮುಂಚೆ ಇದನ್ನು ನಿಶ್ಚಯಿಸಬೇಕು. ಗಾರೆಯಾದ ಮೇಲೆ ಮುರಕಲ್ಲಿನ ಗೋಡೆಯನ್ನು ಕೊರೆಯಹೋದರೆ ಒಂದು ತಂತಿಯ ಸಲುವಾಗಿ ಒಂದು ಬುಟ್ಟಿ ಕಲ್ಲು ಉದುರುವುದು. ನಡುವಿನ ಎರಡು ತಂತಿಗಳಿಗೆ ನಾವು ಹಳದಿಯನ್ನೂ ನೀಲಿಯನ್ನೂ ಉಪಯೋಗಿಸಿದೆವು. ಕೆಂಪು ಫೇಸಿಗೆ ಮೀಸಲು. ಕಪ್ಪನ್ನೂ ಹಸುರನ್ನೂ ಈ ಕೆಲಸಕ್ಕೆ ಎಂದಿಗೂ ಉಪಯೋಗಿಸಬಾರದು, ಏಕೆಂದರೆ ಮುಂದೆ ಬಿಚ್ಚುವವನು ಕಪ್ಪನ್ನು ನಿರಪಾಯವೆಂದು ಭಾವಿಸುತ್ತಾನೆ. ಟೂ ವೇ ಸ್ವಿಚ್ಚಿನ ಮೂರು ತಿರುಪುಗಳಲ್ಲಿ ಯಾವುದು ಮೂಲದ್ದು ಎಂಬುದನ್ನೂ ಬೆನ್ನಿನ ಗುರುತನ್ನು ಓದಿಯೇ ತಿಳಿಯಬೇಕು, ನಡುವಿನದೇ ಎಂಬ ಊಹೆ ಎಲ್ಲ ಕಡೆಯಲ್ಲಿಯೂ ಸಲ್ಲದು.

ಅಂಗಳದ ದೀಪದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಅದನ್ನು ಚಾವಡಿಯಿಂದ, ಅಡುಗೆಮನೆಯ ಹಿಂಬಾಗಿಲಿನಿಂದ, ಹಟ್ಟಿಯಿಂದ, ಹೀಗೆ ಮೂರು ಕಡೆಯಿಂದ ಹೊತ್ತಿಸಬೇಕಾಗಿತ್ತು. ಎರಡು ತುದಿಗಳಲ್ಲಿ ಟೂ ವೇ, ನಡುವೆ ಇಂಟರ್‌ಮೀಡಿಯೆಟ್. ನಮ್ಮ ಕಾಲುವೆಗಳ ಉಪಮಾನದಲ್ಲಿ ಇದು ನಡುದಾರಿಯ ಒಂದು ಕತ್ತರಿ: ಒಂದು ಸ್ಥಿತಿಯಲ್ಲಿ ಎಡದ ನೀರು ಎಡಕ್ಕೆ, ಬಲದ್ದು ಬಲಕ್ಕೆ ಹೋಗುವುದು, ಇನ್ನೊಂದು ಸ್ಥಿತಿಯಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ದಾಟುವುದು. ಇಂತಹ ಕತ್ತರಿಗಳನ್ನು ಎಷ್ಟಾದರೂ ಸೇರಿಸಬಹುದು. ವಯರ್‌ಮನ್ನರ ಸಂಗಡ ಬಂದ ತರುಣನೊಬ್ಬನು ತಂತಿ ಉಳಿಸುವ ಒಂದು ಸಲಹೆ ಕೊಟ್ಟನು: ಹಟ್ಟಿಯಲ್ಲಿಯೂ ಮನೆಯಲ್ಲಿಯೂ ಫೇಸ್, ನ್ಯೂಟ್ರಲ್ ಎರಡೂ ಇರುವುದರಿಂದ, ಅವೆರಡನ್ನೂ ಒಂದೊಂದು ಸ್ವಿಚ್ಚಿನ ಎರಡು ಬದಿಗೆ ಕೊಟ್ಟು, ದೀಪವನ್ನು ಆ ಸ್ವಿಚ್ಚುಗಳ ನಡುವೆ ಕಟ್ಟಿದರೆ ಆಯಿತಲ್ಲ, ಎಂದು. ಆ ರೀತಿ ದೀಪ ಹೊತ್ತುವುದೇನೋ ನಿಜ. ಆದರೆ ಅದರಲ್ಲಿ ದೀಪ ಆರಿರುವ ಎರಡು ಸ್ಥಿತಿಗಳಲ್ಲಿ ಒಂದರಲ್ಲಿ ದೀಪದ ಎರಡು ಕಡೆಗೂ ಫೇಸೇ ಇರುವುದು. ಆರಿದೆಯೆಂದು ಬಲ್ಬು ಬದಲಾಯಿಸಲು ಹೋಲ್ಡರಿಗೆ ಕೈಹಾಕಿದವನ ಗತಿ? ಅದೂ ಮಳೆಯಲ್ಲಿ ಒದ್ದೆಯಾದ ಅಂಗಳದಲ್ಲಿ, ಬರಿಗಾಲಲ್ಲಿ? ಒಂದೇ ಸ್ವಿಚ್ಚಿನೊಳಗೆ ಫೇಸೂ ನ್ಯೂಟ್ರಲೂ ಒಂದು ಕೂದಲಿನ ಅಂತರದಲ್ಲಿ ಕುಳಿತಿರುವುದು ಬೇರೆ. ಹಿರಿಯ ವಯರ್‌ಮನ್ನರು ತಲೆಯಾಡಿಸಿ ತರುಣನನ್ನು ತಂತಿ ತರಲು ಕಳುಹಿಸಿದರು. ಸ್ವಿಚ್ಚು ಯಾವ ಕಾಲಕ್ಕೂ ಕಡಿಯಬೇಕಾದುದು ಫೇಸನ್ನೇ.

ನಾಲ್ಕೈದು ಕಡೆಯಿಂದ ಹೊತ್ತಿಸಬೇಕಾದ ದೊಡ್ಡ ಮನೆಗಳಿಗೆ ಮತ್ತೊಂದು ಮಾರ್ಗವಿದೆ. ಎಲ್ಲ ಕಡೆಯೂ ಕರೆಗಂಟೆಗೆ ಹಾಕುವಂತಹ ಒತ್ತುಗುಂಡಿಗಳನ್ನೇ ಹಾಕಿ, ಮುಖ್ಯ ಪೆಟ್ಟಿಗೆಯಲ್ಲಿ ಇಂಪಲ್ಸ್ ರಿಲೇ ಎಂಬ ಉಪಕರಣವನ್ನಿಟ್ಟರೆ, ಯಾವ ಗುಂಡಿಯನ್ನು ಒತ್ತಿದರೂ ದೀಪದ ಸ್ಥಿತಿ ಬದಲಾಗುವುದು. ಒತ್ತುಗುಂಡಿಯು ಬಹುಮಟ್ಟಿಗೆ ಎಲ್ಲ ಮಾದರಿಗಳಲ್ಲಿಯೂ ದೊರೆಯುವುದರಿಂದ ಇಂಟರ್‌ಮೀಡಿಯೆಟ್ ಇಲ್ಲದ ಮಾದರಿಯನ್ನೇ ಮೆಚ್ಚಿದವರಿಗೆ ಇದು ಅನುಕೂಲ. ನಮ್ಮದು ಮೂರೇ ಕಡೆಯಾದುದರಿಂದ ನಮಗೆ ಬೇಕಾಗಲಿಲ್ಲ.

ಕಡಲಿನ ಗಾಳಿಯ ವಿಷಯವಾಗಿ ಒಂದು ಮಾತು. ಉಪ್ಪು ಬೆರೆತ ತೇವ ನಮ್ಮ ಊರುಗಳಲ್ಲಿ ಕಬ್ಬಿಣದ ಪೆಟ್ಟಿಗೆಯನ್ನೂ ತಿರುಪನ್ನೂ ಬೇಗ ತಿನ್ನುವುದು. ಗೋಡೆಯೊಳಗೆ ಪಿವಿಸಿ ಪೆಟ್ಟಿಗೆ, ತುಕ್ಕು ಹಿಡಿಯದ ಉಕ್ಕಿನ ತಿರುಪು, ಐಎಸ್‌ಐ ಗುರುತುಳ್ಳ ಸ್ವಿಚ್ಚು, ಹಟ್ಟಿಯ ಬಳಿ ನೀರು ನುಗ್ಗದ ಮುಚ್ಚಳವುಳ್ಳ ಪೆಟ್ಟಿಗೆ. ಇವುಗಳಲ್ಲಿ ಜಿಪುಣತನ ಮಾಡಿದವರು ಐದಾರು ಮಳೆಗಾಲಗಳೊಳಗೆ ಅದೇ ಕೆಲಸವನ್ನು ಪುನಃ ಮಾಡಿಸುತ್ತಾರೆ.

ಎಲ್ಲವೂ ಮುಗಿದ ರಾತ್ರಿ ಒಂದು ಸೋಜಿಗ ನಡೆಯಿತು. ಅಂಗಳದ ದೀಪವನ್ನು ಆರಿಸಿದರೂ ಅದು ಮಿಣುಕುಹುಳದಂತೆ ಮಂಕಾಗಿ ಬೆಳಗುತ್ತಲೇ ಇತ್ತು. ತಾಯಿಯವರಿಗೆ ಇದು ಶುಭವೋ ಅಶುಭವೋ ಎಂಬ ಶಂಕೆ. ಕಾರಣ ಹೀಗೆ: ಎರಡು ಕಾಲುವೆ ತಂತಿಗಳು ಬಹುದೂರ ಅಕ್ಕಪಕ್ಕದಲ್ಲಿಯೇ ಓಡುತ್ತವೆ, ಒಂದರಲ್ಲಿ ಫೇಸ್ ಇದ್ದಾಗ, ಮುಟ್ಟದಿದ್ದರೂ, ಪಕ್ಕದ ತಂತಿಯಲ್ಲಿ ಒಂದು ಅತ್ಯಲ್ಪ ಪ್ರವಾಹ ಹುಟ್ಟುವುದು. ಹತ್ತು ಮೀಟರಿಗೆ ಅದು ಒಂದು ಆಂಪಿಯರಿನ ಹತ್ತು ಸಾವಿರದಲ್ಲೊಂದು ಪಾಲಿನ ಆಸುಪಾಸಿನಲ್ಲಿದ್ದೀತು. ಹಳೆಯ ತಂತಿಬಲ್ಬಿಗೆ ಇದು ಲೆಕ್ಕಕ್ಕಿಲ್ಲ. ಎಲ್‌ಇಡಿಗೆ ಮಿನುಗಲು ಸಾಕು. ಸ್ವಿಚ್ಚಿನಲ್ಲಿ ಕೆಂಪು ಕಣ್ಣಿನಂತಹ ಸೂಚಕದೀಪವಿರುವ ಮಾದರಿಗಳೂ ಇದೇ ಉಪದ್ರವವನ್ನು ಕೊಡುತ್ತವೆ. ನಾವು ಅವನ್ನು ಬಿಟ್ಟುದು ಇದಕ್ಕಾಗಿಯೇ. ದೀಪದ ಎರಡು ತಂತಿಗಳಿಗೆ ಅಡ್ಡಲಾಗಿ, ಈ ಕೆಲಸಕ್ಕೆಂದೇ ಮಾಡಿದ ಒಂದು ಸಣ್ಣ ಕೆಪಾಸಿಟರನ್ನು ಕಟ್ಟಿದ ಮೇಲೆ ಮಿನುಗು ನಿಂತಿತು.

ಹೊಸ ಸ್ವಿಚ್ಚುಗಳೆಲ್ಲವೂ ಈಗ ಒಂದೇ ಮಾದರಿಯವು, ನೆಲದಿಂದ ಮೂರೂವರೆ ಅಡಿ ಎತ್ತರದಲ್ಲಿವೆ. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆಯೆಂಬ ನಕ್ಷೆಯನ್ನು ಬರೆದು ಮುಖ್ಯ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿದ್ದೇವೆ. ಮೆಟ್ಟಲಿನ ಬುಡದ ಆ ಕಪ್ಪು ಬೇಕಲೈಟಿನ ಸ್ವಿಚ್ಚನ್ನು ಮಾತ್ರ ಕೀಳಿಸಲು ತಾಯಿಯವರು ಒಪ್ಪಲಿಲ್ಲ. ಅದರ ಬೆನ್ನಿನಲ್ಲಿ ಈಗ ತಂತಿಯಿಲ್ಲ. ರಾತ್ರಿ ಕತ್ತಲಲ್ಲಿ ಅವರ ಕೈ ಮೊದಲು ಅದರ ಮೇಲೆಯೇ ಹೋಗಿ ಕೂರುತ್ತದೆ. ಅಲ್ಲಿಂದ ಒಂದು ಗೇಣು ಎಡಕ್ಕೆ ಸರಿದು ಹೊಸದನ್ನು ಒತ್ತುತ್ತದೆ.